ಮೀನು ಏಣಿ ಹತ್ತುವ ಊರಿನಲ್ಲಿ

ಮೀನಿಗೂ ಮೆಟ್ಟಿಲು ಕಟ್ಟಿಸಿಕೊಟ್ಟ ಊರೊಂದಿದೆ ಎಂದರೆ ನಂಬುತ್ತೀರಾ? ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್‌ನಲ್ಲಿ ನಾನದನ್ನು ಕಣ್ಣಾರೆ ಕಂಡೆ. ಉಪ್ಪುನೀರಿನ ಪ್ಯೂಜೆಟ್ ಸೌಂಡ್‌ಗೂ ಊರೊಳಗಿನ ಸಿಹಿನೀರಿನ ಸರೋವರಗಳಿಗೂ ನಡುವೆ 1917ರಲ್ಲಿ ಉದ್ಘಾಟನೆಯಾದ ಬ್ಯಾಲಾರ್ಡ್ ಲಾಕ್ಸ್ ಇದೆ. ನೀರು ತುಂಬಿಸಿ ದೋಣಿಗಳನ್ನು ಮೇಲೆತ್ತುವ ಕಟ್ಟೆ ಅದು. ಅದರ ಮಗ್ಗುಲಲ್ಲೇ ಮೀನುಗಳಿಗಾಗಿ 21 ಮೆಟ್ಟಿಲುಗಳ ನೀರಿನ ಏಣಿ. ಗಾಜಿನ ಕಿಟಕಿಯ ಆಚೆ, ಮೊಳಕ್ಕೂ ಉದ್ದದ ಸಾಲ್ಮನ್‌ಗಳು ಸೆಳವಿಗೆ ಎದುರಾಗಿ ಈಜುತ್ತಿದ್ದವು. ಕಡಲಲ್ಲಿ ಬೆಳೆದು, ಹುಟ್ಟಿದ ಹೊಳೆಗೇ ಮರಳಿ, ಮೊಟ್ಟೆಯಿಟ್ಟು ಅಲ್ಲೇ ಸಾಯುವ ಮೀನು ಇದು.

“ಅಪ್ಪಯ್ಯಾ, ಇವತ್ತು ರಾತ್ರಿ ಅಡುಗೆ ನಂದೇ” ಎಂದ ಮಗ. ಕುಂದಾಪುರದ ಮನೆಯಲ್ಲಿ ಒಲೆಯ ಹತ್ತಿರವೂ ಸುಳಿಯದಿದ್ದ ಹುಡುಗ!

1907ರಿಂದ ನಡೆಯುತ್ತಿರುವ ಪೈಕ್ ಪ್ಲೇಸ್ ಮಾರುಕಟ್ಟೆಗೆ ಹೋದೆವು. ಅಲ್ಲಿ ಮೀನನ್ನು ಕೈಗೆ ಕೊಡುವುದಿಲ್ಲ. ಒಬ್ಬ ಕೂಗಿ ಎಸೆಯುತ್ತಾನೆ, ಇನ್ನೊಬ್ಬ ಹಿಡಿಯುತ್ತಾನೆ. ನಾನು ಅಭ್ಯಾಸಬಲದಿಂದ ಕಿವಿರು ಎತ್ತಿ ಬಣ್ಣ ನೋಡಿದೆ. ಅಂಗಡಿಯವನು ನಕ್ಕು, “ನೀವು ಕಡಲ ಕಡೆಯವರು” ಎಂದ! ಕಿಂಗ್ ಸಾಲ್ಮನ್‌ಗೆ ಕೊಬ್ಬು ಹೆಚ್ಚು, ಸಾಕೈಗೆ ಕೆಂಪು ಹೆಚ್ಚು. ಪ್ಯೂಜೆಟ್ ಸೌಂಡ್‌ನ ಕಿಂಗ್ ಮೀನನ್ನು 1999ರಲ್ಲೇ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ. ಅಣೆಕಟ್ಟು, ಬಿಸಿಯಾದ ಹೊಳೆ, ಹಾಳಾದ ದಡ ಇವೆಲ್ಲ ಅದಕ್ಕೆ ಕಾರಣ. ಈ ರಾಜ್ಯದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರೊಳಗೆ ಒಡೆದು ಹಾಕಿದ ಮೇಲೆ ಸಾಲ್ಮನ್ ಮತ್ತೆ ಮೇಲಕ್ಕೆ ಬಂದಿತಂತೆ. ನಾವು ಕೊಂಡದ್ದು ಅಲಾಸ್ಕಾದ ಸಾಕೈ.

ಮುಂದಿನದು ವೈನ್ ಅಂಗಡಿ. ಮಗ ಹೊಸ್ತಿಲಲ್ಲೇ ತಡವರಿಸಿದ. ನಮ್ಮ ಮನೆಯಲ್ಲಿ ಹಿರಿಯರ ಎದುರು ಕುಡಿಯುವ ಪದ್ಧತಿಯಿಲ್ಲ. ನನ್ನ ಅಪ್ಪಯ್ಯನ ಎದುರು ನಾನು ಬೀಡಿಯನ್ನೂ ಸೇದಿದವನಲ್ಲ. “ಬೇಡ ಅಂದ್ರೆ ಬೇಡ ಅಪ್ಪಯ್ಯ” ಎಂದ. ನಾನೇ ಬಾಗಿಲು ತಳ್ಳಿದೆ.

ಅಂಗಡಿಯಾಕೆ ಮೊದಲು ಕೇಳಿದ್ದು ಬೆಲೆಯನ್ನಲ್ಲ, “ಹೇಗೆ ಬೇಯಿಸುತ್ತೀರಿ?” ಎಂದು. ಮೀನಿಗೆ ಬಿಳಿ ವೈನ್ ಎಂಬುದು ರೂಢಿ. ಆದರೆ ಸಾಲ್ಮನ್‌ಗೆ ಮಾಂಸದಂಥ ಗಟ್ಟಿತನ, ಎಣ್ಣೆಯಂಶ ಇರುವುದರಿಂದ ಹಗುರವಾದ ಕೆಂಪು ವೈನೂ ಹೊಂದುತ್ತದೆ. ಒಗರು ಹೆಚ್ಚಿದ್ದರೆ ಮಾತ್ರ ಬಾಯಲ್ಲಿ ಲೋಹದ ರುಚಿ ಉಳಿಯುತ್ತದೆ. ಆಕೆ ಕೊಟ್ಟದ್ದು ಪಕ್ಕದ ಆರೆಗನ್ ರಾಜ್ಯದ ವಿಲ್ಯಾಮೆಟ್ ಕಣಿವೆಯ ಪೀನೊ ನ್ವಾರ್. ಆ ತಂಪು ಕಣಿವೆಯಲ್ಲಿ 1960ರ ದಶಕದಲ್ಲಿ ಡೇವಿಡ್ ಲೆಟ್ ಎಂಬಾತ ಈ ಬಳ್ಳಿ ನೆಟ್ಟಾಗ ನಕ್ಕವರೇ ಹೆಚ್ಚು. 1979ರಲ್ಲಿ ಪ್ಯಾರಿಸ್‌ನ ಸ್ಪರ್ಧೆಯಲ್ಲಿ ಆತನ ವೈನ್ ಮೊದಲ ಹತ್ತರಲ್ಲಿ ನಿಂತಿತು!

ಮನೆಯಲ್ಲಿ ಮಗ ತುಂಡುಗಳಿಗೆ ಉಪ್ಪು, ಮೆಣಸಿನ ಪುಡಿ, ಎಣ್ಣೆ ಸವರಿ, ಚರ್ಮ ಕೆಳಗಾಗಿ ತಟ್ಟೆಯಲ್ಲಿಟ್ಟ. ಬ್ರಾಯ್ಲಿಂಗ್ ಎಂದರೆ ಒಲೆ ತಲೆಕೆಳಗಾದಂತೆ. ಓವನ್‌ನ ಮೇಲ್ಭಾಗದಿಂದ ಬೆಂಕಿಯ ಕಾವು ಬೀಳುತ್ತದೆ. ಅಂಗುಲ ದಪ್ಪದ ತುಂಡಿಗೆ ಎಂಟು ಹತ್ತು ನಿಮಿಷ ಸಾಕು. ಬದಿಯಲ್ಲಿ ಬಿಳಿ ನೊರೆಯಂಥದ್ದು ಹೆಚ್ಚು ಉಕ್ಕಿದರೆ ಬೆಂದದ್ದು ಜಾಸ್ತಿಯಾಯಿತೆಂದು ಅರ್ಥ. ಸಾಸ್‌ಗೆ ಗಟ್ಟಿ ಮೊಸರು, ನಿಂಬೆರಸ, ಒಂದೆಸಳು ಬೆಳ್ಳುಳ್ಳಿ, ಪಾರ್ಸ್ಲಿ, ಜೊತೆಗೆ ಡಿಲ್. ಡಿಲ್ ಮೂಸಿ ನೋಡಿದೆ. ಅರೆ, ಇದು ನಮ್ಮ ಸಬ್ಬಸಿಗೆ!

ಬಂಗುಡೆಯ ಸಾರಿಗೆ ಒಗ್ಗಿದ ನಾಲಿಗೆಗೆ ಮೊದಲ ತುತ್ತು ಸಪ್ಪೆ ಎನಿಸಿತು. ಎರಡನೆಯದಕ್ಕೆ ಮೀನಿನ ಸ್ವಂತ ರುಚಿ ಸಿಕ್ಕಿತು. ಮಗ ನನ್ನ ಲೋಟಕ್ಕಷ್ಟೇ ವೈನ್ ಸುರಿದು, ಬಾಟಲಿ ಕೆಳಗಿಟ್ಟು ನೀರಿನ ಲೋಟ ಎತ್ತಿಕೊಂಡ. ಒಂಬತ್ತು ವರ್ಷ ಪರದೇಶದಲ್ಲಿದ್ದರೂ ಅಪ್ಪನ ಎದುರು ಹಾಗೇ ಕುಳಿತಿದ್ದ.

“ನಿಂಗೂ ಹಾಕ್ಕೋ ಮಾರಾಯ” ಎಂದೆ.

ಆಮೇಲೆ ನಡುರಾತ್ರಿಯವರೆಗೆ ಮಾತಾಡಿದೆವು. ಅವನ ಕೆಲಸ, ಒಂಟಿತನ, ಮೊದಲ ಚಳಿಗಾಲದಲ್ಲಿ ಅತ್ತದ್ದು, ಹೀಗೆ ಫೋನಿನಲ್ಲಿ ಎಂದೂ ಹೇಳದ ಸಂಗತಿಗಳು. ಮಲಗುವ ಮುಂಚೆ ಅವನೊಂದು ಕರಾರು ಹಾಕಿದ: “ಅಮ್ಮಂಗೆ ಮೀನಿನ ಸುದ್ದಿ ಮಾತ್ರ ಹೇಳಿ.”

ಮಾತು ಕೊಟ್ಟಿದ್ದೆ. ಆದರೆ ಅವಳು ಈ ಪುರವಣಿ ಓದುತ್ತಾಳೆಂಬುದು ಈಗ ನೆನಪಾಗುತ್ತಿದೆ!