ಒನೇಸಿಮ ಏನಂದ?

ಬೈಬಲ್ ಓದುವ ದಲಿತ ಹುಡುಗನಿಗೆ ಎರಡೂ ಕಡೆಯಿಂದ ಏಟು. ಸಂಘಟನೆಯ ಗೆಳೆಯರು ಕೇಳುತ್ತಾರೆ: 'ಬಾಬಾಸಾಹೇಬರು ಬುದ್ಧನ ಹಾದಿ ಹಿಡಿದ್ರು. ನೀ ಇನ್ನೂ ಆ ಪುಸ್ತಕ ಹಿಡಕೊಂಡು ಕುಂತೀಯಲ್ಲೋ?' ಚರ್ಚಿನವರು ಕೇಳುತ್ತಾರೆ: 'ದೇವರ ವಾಕ್ಯಕ್ಕ ಪ್ರಶ್ನೆ ಹಾಕಾವ ನೀ ಯಾರು?' ಅವರಿಗೆ ನನ್ನ ನಂಬಿಕೆ ಗುಲಾಮಗಿರಿ. ಇವರಿಗೆ ನನ್ನ ವಿಚಾರ ಸೊಕ್ಕು. ಇಬ್ಬರಿಗೂ ಸೇರಿಸಿಯೇ ಉತ್ತರ ಹೇಳಬೇಕಾಗಿದೆ.

ಗದಗ ಸೀಮೆಗೆ ಈ ಪುಸ್ತಕ ನಿನ್ನೆ ಮೊನ್ನೆ ಬಂದದ್ದಲ್ಲ. ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ ನೆಲೆಯೂರಿದ್ದು 1841ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದಾಗಿತ್ತು. ವೇದ ಕಿವಿಗೂ ಬೀಳಬಾರದು ಎಂಬ ಕಟ್ಟಳೆಯಿದ್ದ ನಾಡಿನಲ್ಲಿ, ದೇವರ ಪುಸ್ತಕ ತಗೊ, ಓದು ಅಂತ ಕೈಗೆ ಕೊಟ್ಟದ್ದು ಸಣ್ಣ ಮಾತಲ್ಲ. ಆದರೆ ಓದು ಅಂದವರು, ಓದಿ ಪ್ರಶ್ನೆ ಹಾಕು ಅಂದರೇ? ಅಲ್ಲೇ ನನ್ನ ತಕರಾರು.

ಕುರ್ತಕೋಟಿಯ ನಮ್ಮ ಕೇರಿಯಲ್ಲಿ ನನ್ನ ಅವ್ವನಿಗೆ ಅಕ್ಷರ ಬರುವುದಿಲ್ಲ. ಕೂಲಿಯಿಂದ ಬಂದು, ರೊಟ್ಟಿ ಬಡಿದು, ಉಂಡಾದ ಮೇಲೆ ನನ್ನಿಂದ ಓದಿಸಿಕೊಳ್ಳುತ್ತಾಳೆ. ಒಂದು ರಾತ್ರಿ ಫಿಲೆಮೋನನಿಗೆ ಪೌಲ ಬರೆದ ಪತ್ರ ಓದಿದೆ. ಬರೇ 25 ವಚನ. ಸೆರೆಯಲ್ಲಿದ್ದ ಪೌಲನ ಹತ್ತಿರ ಒನೇಸಿಮ ಎಂಬ ದಾಸ ಇದ್ದಾನೆ. ಪೌಲ ಅವನನ್ನು ಮಗ ಅನ್ನುತ್ತಾನೆ. ಅಂದವನೇ ಅವನನ್ನು ಒಡೆಯನ ಮನೆಗೆ ತಿರುಗಿ ಕಳಿಸುತ್ತಾನೆ. ದಾಸ ಅಂತ ನೋಡದೆ ಒಡಹುಟ್ಟಿದವನಂತೆ ನೋಡಿಕೊಳ್ಳಬೇಕು ಅಂತ ಒಡೆಯನನ್ನು ಕೇಳಿಕೊಳ್ಳುತ್ತಾನೆ. ಅವನ ಬಾಕಿ ಏನಾದರೂ ಇದ್ದರೆ ತಾನು ತೀರಿಸುವುದಾಗಿ ಬರೆಯುತ್ತಾನೆ.

'ದಾಸ' ಅನ್ನುವಲ್ಲಿ ಅವ್ವ ತಡೆದಳು. 'ದಾಸ ಅಂದ್ರ ಕನಕದಾಸ್ರ ಹಂಗ ಹಾಡಾವನ?'

'ಅಲ್ಲಬೇ ಯವ್ವಾ. ಅಪ್ಪ ಸಂಬಳಕ್ಕಿದ್ದನಲ್ಲ, ಅದಕ್ಕಿಂತಾ ಕಡಿ. ರೊಕ್ಕ ಕೊಟ್ಟು ಕೊಂಡ ಆಳು.'

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: 'ಹಂಗಾರ ತಿರುಗಿ ಯಾಕ ಕಳಿಸಿದಾ? ಆ ಆಳು ಏನಂದ? ಅದನ್ನ ಓದು.'

ಅದು ಇಲ್ಲ. ಪತ್ರದಲ್ಲಿ ಪೌಲನಿದ್ದಾನೆ, ಒಡೆಯನಿದ್ದಾನೆ. ಒನೇಸಿಮನ ಒಂದು ಮಾತೂ ಇಲ್ಲ. ಅವನು ಓಡಿ ಬಂದವನು ಅಂತ ಬೋಧನೆಯಲ್ಲಿ ಹೇಳುತ್ತಾರೆ. ಪತ್ರದಲ್ಲಿ ಅದೂ ನೇರವಾಗಿಲ್ಲ. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಉಪಯೋಗಕ್ಕೆ ಬರುವವನು ಅಂತ ಅರ್ಥ. ಮನುಷ್ಯನಿಗೆ ಎತ್ತಿನ ಲೆಕ್ಕದಲ್ಲಿ ಇಟ್ಟ ಹೆಸರು! ಕನ್ನಡದ 'ದಾಸ' ಎಂಬ ಶಬ್ದ ಇದನ್ನೆಲ್ಲ ಭಕ್ತಿಯ ಕಂಬಳಿ ಹೊದಿಸಿ ಮಲಗಿಸಿಬಿಟ್ಟಿದೆ. ಅದನ್ನು ಎಳೆದದ್ದು ನನ್ನ ಡಿಗ್ರಿ ಅಲ್ಲ, ಅಕ್ಷರ ಬಾರದ ಅವ್ವ.

ಮುಂದಿನ ವಾರ ಬೈಬಲ್ ಅಧ್ಯಯನದ ಕೂಟದಲ್ಲಿ ಅವ್ವನ ಪ್ರಶ್ನೆಯನ್ನೇ ಕೇಳಿದೆ. ನಡೆಸುತ್ತಿದ್ದವರು, 'ಸೈತಾನ ಹಿಂಗ ಪ್ರಶ್ನೆ ಆಗೇ ತಲಿ ಹೊಗತಾನ' ಅಂದರು. ಯಾರೂ ಉಸಿರೆತ್ತಲಿಲ್ಲ. ಗುಡಿಯಲ್ಲಿ ನಮ್ಮ ಕೈ ಮುಟ್ಟಬಾರದು. ಇಲ್ಲಿ ನಮ್ಮ ಬುದ್ಧಿ ಮುಟ್ಟಬಾರದು. ವ್ಯತ್ಯಾಸ ಏನು ಬಂತು?

ಅದೇ ಪುಸ್ತಕದಲ್ಲಿ ತೋಮ ಇದ್ದಾನೆ. ಗಾಯ ಮುಟ್ಟದೆ ನಂಬಲಾರೆ ಅಂದವನನ್ನು ಯೇಸು ಹೊರಗೆ ಹಾಕಲಿಲ್ಲ, ಗಾಯ ತೋರಿಸಿದ. ಬೆರೋಯ ಎಂಬ ಊರಿನವರು ಪೌಲನ ಬೋಧನೆಯನ್ನೇ ದಿನಾ ಗ್ರಂಥಕ್ಕೆ ಹಚ್ಚಿ ತಾಳೆ ನೋಡಿದರು. ಅದಕ್ಕಾಗಿ ಅವರಿಗೆ ಹೊಗಳಿಕೆ ಸಿಕ್ಕಿದೆ.

ಫಿಲೆಮೋನನ ಪತ್ರದ ಮುಂದೆ ತಡೆದು ನಿಂತವಳು ಅವ್ವ ಒಬ್ಬಳೇ ಅಲ್ಲ. 19ನೇ ಶತಮಾನದಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ ಎಂಬ ಬಿಳಿಯ ಬೋಧಕ ಇದೇ ಪತ್ರ ಹಿಡಿದು, ಓಡಿಹೋಗುವುದು ತಪ್ಪು ಅಂತ ಕರಿಯ ಗುಲಾಮರಿಗೆ ಬೋಧಿಸಿದ. ಅರ್ಧ ಸಭೆ ಎದ್ದು ಹೋಯಿತು. ಇಂಥ ಪತ್ರ ಬೈಬಲ್ಲಿನಲ್ಲೇ ಇಲ್ಲ ಅಂತ ಕೆಲವರು ವಾದಿಸಿದರು. ಅವನೇ ಇದನ್ನು ಬರೆದಿಟ್ಟಿದ್ದಾನೆ. ಹೊವರ್ಡ್ ಥರ್ಮನ್ ಎಂಬ ಕರಿಯ ಚಿಂತಕ 1949ರ ತನ್ನ ಪುಸ್ತಕದಲ್ಲಿ ಅಜ್ಜಿಯ ಕಥೆ ಹೇಳುತ್ತಾನೆ. ಗುಲಾಮಳಾಗಿದ್ದ ಆಕೆ ಮೊಮ್ಮಗನಿಂದ ಬೈಬಲ್ ಓದಿಸಿಕೊಳ್ಳುತ್ತಿದ್ದಳು. ಆದರೆ ಪೌಲನ ಪತ್ರಗಳನ್ನು ಓದಗೊಡುತ್ತಿರಲಿಲ್ಲ. ಪ್ರೀತಿಯ ಅಧ್ಯಾಯ ಒಂದನ್ನು ಬಿಟ್ಟು. ಒಡೆಯನ ಬೋಧಕ ಬಂದಾಗಲೆಲ್ಲ ಪೌಲನ ಹೆಸರಿನಲ್ಲಿ, ಒಡೆಯನಿಗೆ ತಗ್ಗಿ ನಡೆಯಿರಿ ಅನ್ನುತ್ತಿದ್ದನಂತೆ. ಆಕೆ ಯೇಸುವನ್ನು ಬಿಡಲಿಲ್ಲ. ಒಡೆಯನ ಓದನ್ನು ಬಿಟ್ಟಳು.

ಗೆಳೆಯರೇ, ಬಾಬಾಸಾಹೇಬರಿಂದ ನಾನು ಕಲಿತದ್ದೂ ಇದನ್ನೇ. ಹಿಂದುವಾಗಿ ಸಾಯೆನು ಅಂತ 1935ರಲ್ಲಿ ಯೇವಲಾದಲ್ಲಿ ಸಾರಿದವರು ನಾಗಪುರದಲ್ಲಿ ಬೌದ್ಧರಾದದ್ದು 1956ರ ಅಕ್ಟೋಬರ್ 14ಕ್ಕೆ. 21 ವರ್ಷ! ಸಂತೆಯಲ್ಲಿ ಬೀಜದ ಕಾಳು ಆರಿಸಿದ ಹಾಗೆ ಧರ್ಮಗಳನ್ನು ಹಿಡಿದು ನೋಡಿದರು. ಅವರು ಮುಟ್ಟಿದ ಊರಷ್ಟೇ ಅಲ್ಲ, ಆ ಆರಿಸುವಿಕೆಯೂ ನಮ್ಮ ಆಸ್ತಿ.

ಮತ ಬದಲಾದರೆ ಜಾತಿ ಕಳಚೀತು ಅಂತ ನಾನು ಹೇಳುತ್ತಿಲ್ಲ. ಕಳಚಿತು ಅಂತ ಹೇಳುವುದು ಸರಕಾರದ ಕಾಗದ. ಪರಿಶಿಷ್ಟ ಜಾತಿಗಳ 1950ರ ಆದೇಶದೊಳಗೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ದಲಿತ ಹೊರಗೇ ಉಳಿದ. ಕರ್ನಾಟಕದಲ್ಲಿ ಅವನು ಹಿಂದುಳಿದವರ ಪ್ರವರ್ಗ 1ರಲ್ಲಿದ್ದಾನೆ. ಕೇರಿ ಮಾತ್ರ ಇದ್ದಲ್ಲೇ ಇದೆ. ಚರ್ಚಿನೊಳಗೂ ಜಾತಿ ಹೊಕ್ಕಿದೆ. ತಮಿಳುನಾಡಿನ ಕೆಲವು ಊರುಗಳಲ್ಲಿ ಸತ್ತವರ ನಡುವೆಯೂ ಗೋಡೆ ಎದ್ದಿದೆ. ಒಡೆಯ ಫಿಲೆಮೋನ ಪತ್ರ ಓದಿ ಏನು ಮಾಡಿದ ಎಂಬುದನ್ನೂ ಬೈಬಲ್ ಹೇಳುವುದಿಲ್ಲ. ಆ ಉತ್ತರ ಇನ್ನೂ ಬಾಕಿ.

ನಾನು ನಂಬಿಕೆ ಬಿಟ್ಟಿಲ್ಲ. ಕಂಬಕ್ಕೆ ಜಡಿಸಿಕೊಂಡವನು ನಮ್ಮವನು ಅಂತಲೇ ನಂಬಿದ್ದೇನೆ. ಕೇರಿಯಲ್ಲಿ ಓದಿನ ಕೂಟ ನಡೆಸುವ ಮಾಸ್ತರರಲ್ಲಿ ಒಂದೇ ಕೇಳಿಕೆ. ಬೈಬಲ್ ಇರಲಿ, ಧಮ್ಮಪದ ಇರಲಿ, ವಚನ ಇರಲಿ, ಓದಿ ಮುಗಿಸಿದ ಮೇಲೆ ಅಕ್ಷರ ಬಾರದವರಿಗೆ ಮೊದಲು ಮಾತು ಕೊಡಿರಿ. ಆಳಿನ ಮಾತು ಎಲ್ಲಿ ಬಿಟ್ಟುಹೋಗಿದೆ ಅಂತ ಅವರು ತೋರಿಸುತ್ತಾರೆ.