ಮಾತಂಗದ ಮೇಲೊಂದು ಮುಂಜಾವು

ಹಂಪಿಯ ಮಾತಂಗ ಬೆಟ್ಟವನ್ನು ಸೂರ್ಯೋದಯಕ್ಕೆ ಮುನ್ನವೇ ಏರಬೇಕು. ಕಾಲ ಬಳಿ ಗ್ರಾನೈಟ್ ಬಂಡೆ, ಕೆಳಗೆ 16ನೇ ಶತಮಾನದ ಅಚ್ಯುತರಾಯ ದೇಗುಲ, ಅದರಾಚೆ ತುಂಗಭದ್ರೆ. ಕಣ್ಣಿಗೆ ಎಲ್ಲವೂ ಸ್ಪಷ್ಟ. ಫೋಟೋದಲ್ಲಿ ಮಾತ್ರ ಬಂಡೆಯೋ ದೇಗುಲವೋ ಮಸುಕು. ಏಕೆ? ಮಸೂರ ಒಮ್ಮೆಗೆ ಒಂದೇ ದೂರಕ್ಕೆ ಹೊಂದಿಕೊಳ್ಳುತ್ತದೆ. ಅದರ ದ್ವಾರವನ್ನು ತೀರಾ ಕಿರಿದಾಗಿಸಿದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮಂಕು.

ಇದಕ್ಕೆ ಉಪಾಯ ‘ಫೋಕಸ್ ಸ್ಟ್ಯಾಕಿಂಗ್’. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತಿಟ್ಟು ಬಂಡೆಗೊಂದು, ತುಸು ಆಚೆಯ ಪೊದೆಗೊಂದು, ದೇಗುಲಕ್ಕೊಂದು ಫೋಕಸ್ ಮಾಡಿ ಚಿತ್ರ ತೆಗೆದರೆ, ಸ್ಪಷ್ಟ ಭಾಗಗಳನ್ನು ಕಂಪ್ಯೂಟರ್ ಜೋಡಿಸುತ್ತದೆ. ಗಾಳಿಗೆ ಪೊದೆ ತೂಗಿದರೆ, ಬೆಳಕು ಬದಲಾದರೆ ಜೋಡಣೆ ಕೆಟ್ಟಂತೆ. ಹೊಂಬಿಸಿಲು ನಿಲ್ಲುವುದೋ ಕೆಲವೇ ನಿಮಿಷ!

ಕಣ್ಣು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಒಂದು ಕಣ್ಣು ಮುಚ್ಚಿ, ಬೆರಳನ್ನು ಹತ್ತಿರ ಹಿಡಿದು ದೇಗುಲವನ್ನು ನೋಡಿ. ಬೆರಳು ಮಸುಕಾಗುತ್ತದೆ.