ಜಿದ್ದಾ ಎಷ್ಟು ದೂರ?

ನಮ್ಮ ಅಬ್ಬಾ ಜಿದ್ದಾದಲ್ಲಿ ಡ್ರೈವರ್. ನಾನು ಐದನೇ ಕ್ಲಾಸಿನಲ್ಲಿದ್ದಾಗ ಹೋದವರು ಎರಡು ವರ್ಷಕ್ಕೊಮ್ಮೆ ಬರುತ್ತಾರೆ. "ಜಿದ್ದಾ ಎಷ್ಟು ದೂರ?" ಎಂದು ಕೇಳಿದರೆ ಅಮ್ಮಿ "ಬಹುತ್ ದೂರ್" ಎನ್ನುತ್ತಿದ್ದರು. ದಾದಿ ಮಾತ್ರ "ಮಕ್ಕಾದ ಪಕ್ಕದಲ್ಲೇ ಇದೆಯಲ್ಲ, ದೂರ ಹೇಗಾಗುತ್ತೆ?" ಎಂದು ನಗುತ್ತಿದ್ದರು.

ಕಾಮರ್ಸ್ ಸೇರಿದ ಮೇಲೆ ಎಲ್ಲವನ್ನೂ ಲೆಕ್ಕ ಹಾಕುವ ಅಭ್ಯಾಸವಾಗಿದೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಜಿದ್ದಾದ ಕಿಂಗ್ ಅಬ್ದುಲ್ ಅಜೀಜ್ ನಿಲ್ದಾಣಕ್ಕೆ ನೇರ ದೂರ ಸುಮಾರು 4,180 ಕಿಲೋಮೀಟರ್. ಎಲ್ಲೂ ಇಳಿಯದೆ ಹೋದರೆ ಸುಮಾರು 6 ಗಂಟೆ. ನಮ್ಮ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು!

ಇನ್ನೊಂದು ವಿಚಿತ್ರ ನೋಡಿ. ಸೌದಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿಂದ ಬೆಳಿಗ್ಗೆ 10ಕ್ಕೆ ಹೊರಟರೆ ಅಲ್ಲಿನ ಮಧ್ಯಾಹ್ನ 1:30ಕ್ಕೆ ಇಳಿಯಬಹುದು. ಗಡಿಯಾರದ ಪ್ರಕಾರ ಮೂರೂವರೆ ಗಂಟೆ ಮಾತ್ರ. ಚಳಿಗಾಲದಲ್ಲಿ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ಹಿಂದಿನಿಂದ ತಳ್ಳುವುದರಿಂದ ವಾಪಸ್ ಬರುವ ವಿಮಾನ ಬೇಗ ತಲುಪುತ್ತದೆ. ಆದರೂ ಅಲ್ಲಿ 10ಕ್ಕೆ ಹೊರಟವರು ಇಲ್ಲಿ ಇಳಿಯುವಾಗ ಸಂಜೆಯಾಗಿರುತ್ತದೆ. ಹೋಗುವುದು ಬೇಗ, ಬರುವುದು ತಡ.

ಹೋದ ವರ್ಷ ಜನವರಿಯಲ್ಲಿ ಫಜರ್ ಅಜಾನಿಗೆ ಮೊದಲು ದಾದಿ ತೀರಿಕೊಂಡರು. ಇಲ್ಲಿ 5 ಗಂಟೆ, ಜಿದ್ದಾದಲ್ಲಿ ರಾತ್ರಿ 2:30. ಮೊಹಲ್ಲಾದ ಹಿರಿಯರು, "ಮಗ ಬರುವುದಾದರೆ ಇಶಾವರೆಗೆ ಕಾಯೋಣ" ಎಂದರು. ವಿಮಾನದ 6 ಗಂಟೆ, ರಸ್ತೆಯ 7 ಗಂಟೆ ಎಂದು ನಾನೂ ಬೆರಳು ಮಡಚಿದೆ. ಆದರೆ ಅಬ್ಬಾಗೆ ಮೊದಲು ರಜೆ ಸಿಗಬೇಕು, ಮಾಲೀಕರು ಒಪ್ಪಬೇಕು, ಎಕ್ಸಿಟ್ ರೀಎಂಟ್ರಿ ವೀಸಾ ಆಗಬೇಕು, ಟಿಕೆಟ್ಟಿಗೆ ದುಡ್ಡು ಬೇಕು. ಅದ್ಯಾವುದೂ ನನ್ನ ಲೆಕ್ಕದಲ್ಲಿ ಇರಲಿಲ್ಲ. ಬೆಳಿಗ್ಗೆ 9ಕ್ಕೆ ಅಬ್ಬಾ ಫೋನ್ ಮಾಡಿ, "ಅಮ್ಮಾಜಾನ್ ಅವರನ್ನು ಕಾಯಿಸಬೇಡಿ, ದಫನ್ ಮಾಡಿಬಿಡಿ" ಎಂದರು. ಜೊಹರ್ ನಂತರ ಜನಾಜಾ ಹೊರಟಿತು. ನಾನು ವೀಡಿಯೊ ಕಾಲ್ ಮಾಡಿ ಫೋನ್ ಎತ್ತಿ ಹಿಡಿದಿದ್ದೆ. ಅಬ್ಬಾ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ ನೋಡುತ್ತಿದ್ದರು. ಮಣ್ಣು ಹಾಕುವಾಗ ನೆಟ್‌ವರ್ಕ್ ಹೋಯಿತು.

ಅಂದಿನಿಂದ ನನಗೆ ಅನ್ನಿಸುವುದು ಇಷ್ಟೇ. ವಿಮಾನದ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬಹುದು. ದುಡಿಯಲು ಹೋದವರ ದೂರವನ್ನು ರಜೆಯಲ್ಲಿ, ವೀಸಾದಲ್ಲಿ, ಟಿಕೆಟ್ಟಿನ ದರದಲ್ಲಿ ಅಳೆಯಬೇಕು. ನಮ್ಮ ಕಾಲೇಜಿನಲ್ಲಿ ಎಷ್ಟೋ ಜನರ ಫೀಸು ಅಷ್ಟು ದೂರದಿಂದ ಬರುತ್ತದೆ. ನನ್ನದೂ ಹಾಗೆಯೇ.

ಮುಂದಿನ ತಿಂಗಳು ಆಪಾಳ ನಿಕಾಹ್. ಇನ್ಷಾ ಅಲ್ಲಾಹ್, ಅಬ್ಬಾ ಬರುತ್ತಾರೆ. ದೇವನಹಳ್ಳಿಗೆ ಕರೆತರಲು ನಾನೇ ಹೋಗುತ್ತೇನೆ. ಊರಿಗೆ ಬಂದ ಕೂಡಲೇ ಮೊದಲು ಖಬರಸ್ತಾನಕ್ಕೆ ಹೋಗೋಣ ಎಂದಿದ್ದಾರೆ. ನಮ್ಮ ಮನೆಯಿಂದ ಅಲ್ಲಿಗೆ ನಡೆದರೆ 10 ನಿಮಿಷ.